ಮೂಗುದಾರವಿಲ್ಲದ ಕರಡಿ

ಕನ್ನಡನಾಡಿನ ಮನೆಗಳಲ್ಲಿ ಕರಡಿಯು ಕಾಡಿಗಿಂತ ಹೆಚ್ಚಾಗಿ ಮಾತಿನಲ್ಲಿ ವಾಸಿಸುತ್ತದೆ. ಉಣ್ಣಲೊಲ್ಲದ ಕೂಸಿಗೆ ‘ಕರಡಿ ಬಂತು ನೋಡು’ ಎನ್ನುವರು. ಮೈತುಂಬ ಕೂದಲಿದ್ದವನನ್ನು ಕರಡಿಯೆಂದು ನಗುವರು. ಕರೆಯದೆ ನಡುವೆ ಬಂದು ಕೆಲಸ ಕೆಡಿಸಿದವನನ್ನು ಕಂಡರೆ ಶಿವಪೂಜೆಯಲ್ಲಿ ಕರಡಿ ಬಿಟ್ಟಂತಾಯಿತೆನ್ನುವರು. ಹೀಗೆ ನುಡಿಯುವವರಲ್ಲಿ ಬಹುಜನರು ಆ ಪ್ರಾಣಿಯನ್ನು ಅದರ ಸ್ವಂತ ಮನೆಯಲ್ಲಿ ಎಂದೂ ಕಂಡವರಲ್ಲ. ಕಾಣದ ವಸ್ತುವಿನ ಭಯವು ಒಂದು ಬಗೆಯದು. ಕಂಡು ತಿಳಿದ ಮೇಲೆ ಉಳಿಯುವ ಭಯವು ಮತ್ತೊಂದು ಬಗೆಯದು. ಮೊದಲನೆಯದನ್ನು ಕಳೆದುಕೊಳ್ಳಬೇಕು, ಎರಡನೆಯದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಈ ಎರಡರ ಅಂತರವು ಗೊಟಗೋಡಿಯ ಒಂದು ಕುಟುಂಬಕ್ಕೆ ಎರಡು ದಿನಗಳ ಪ್ರವಾಸದಲ್ಲಿ ತಿಳಿದುಬಂದ ಬಗೆಯನ್ನು ವಾಚಕರು ಕೇಳತಕ್ಕದ್ದಿದೆ.

ಗೊಟಗೋಡಿಯು ಶಿಗ್ಗಾಂವಿ ತಾಲೂಕಿನ ಹಳ್ಳಿ. ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಿಂದ ಅದರ ಹೆಸರು ಈಗ ದೂರದವರಿಗೂ ತಿಳಿದಿದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಿಂದಿನ ಹಳ್ಳಿಯ ಬಾಳುವೆಯು ಆಳೆತ್ತರದ ಮೂರ್ತಿಗಳಾಗಿ ನಿಂತಿರುವದೂ ಇಲ್ಲಿಯೇ. ಹೀಗಾಗಿ ಗತಿಸಿದ ಬದುಕನ್ನು ನೆನೆಯುವದು ಈ ಊರಿನವರಿಗೆ ಹೊಸದಲ್ಲ. ಆದರೆ ಗತಿಸಿದ್ದೆಲ್ಲವೂ ನೆನೆದು ಮರುಗತಕ್ಕದ್ದಲ್ಲ. ಹೋದದ್ದು ಒಳಿತೇ ಆಯಿತೆನ್ನತಕ್ಕವೂ ಕೆಲವುಂಟು. ಅಂಥವುಗಳಲ್ಲಿ ಕರಡಿಯಾಟವು ಒಂದು.

ಆ ಮನೆಯ ಹಿರಿಯಳು ಎಪ್ಪತ್ತು ದಾಟಿದ ಮುದುಕಿ, ಮೊಮ್ಮಕ್ಕಳಿಗೆ ಆಯಿ. ಕರಡಿಯಾಟದ ನೆನಪು ಅವಳಿಗೆ ನಿಚ್ಚಳವಾಗಿತ್ತು. ಸುಗ್ಗಿಯು ಮುಗಿದು ಕಾಳು ಮನೆಗೆ ಬಂದ ಹೊತ್ತಿಗೆ ಖಲಂದರನೊಬ್ಬನು ಡಮರು ಬಾರಿಸುತ್ತ ಓಣಿಗೆ ಬರುವನು. ಹಿಂದೆ ಹಗ್ಗದ ತುದಿಯಲ್ಲಿ ಕರಡಿ. ಅದು ಎರಡು ಕಾಲ ಮೇಲೆ ನಿಲ್ಲುವದು, ಸಲಾಮು ಮಾಡುವದು, ಅತ್ತೆಯ ಮನೆಗೆ ಹೊರಟ ಸೊಸೆಯಂತೆ ತಲೆ ತಗ್ಗಿಸಿ ನಡೆಯುವದು. ಜನರು ನಕ್ಕು ಮೊರದಲ್ಲಿ ಜೋಳ ತಂದು ಹಾಕುವರು. ಅಂಜುಬುರುಕ ಮಕ್ಕಳನ್ನು ಕರಡಿಯ ಬೆನ್ನಮೇಲೆ ಒಂದು ಗಳಿಗೆ ಕೂಡ್ರಿಸಿದರೆ ಅಂಜಿಕೆ ಬಿಡುವದೆಂಬ ನಂಬಿಗೆಯಿತ್ತು. ಇನ್ನೂ ಹೆಚ್ಚಿನ ರಕ್ಷೆ ಬೇಕಾದವರಿಗೆ ಆತನು ಕರಡಿಯ ಮೈಯಿಂದ ನಾಲ್ಕು ಕೂದಲು ಕಿತ್ತು ತಾಯತದಲ್ಲಿಟ್ಟು ಕೊಡುವನು. ಆಯಿಯು ತನ್ನ ಮಗನಿಗೆ ಮೂರು ವರ್ಷವಾದಾಗ ಅಂಥದೊಂದು ತಾಯತವನ್ನು ಸೇರು ಜೋಳಕ್ಕೆ ಕೊಂಡು ಕಟ್ಟಿದ್ದಳು. ಮಗನು ದೊಡ್ಡವನಾಗಿ ಹುಬ್ಬಳ್ಳಿಯಲ್ಲಿ ನೌಕರಿ ಹಿಡಿದನು. ತಾಯತವು ಕುಂಕುಮದ ಭರಣಿಯ ಮಗ್ಗುಲಲ್ಲಿ ಡಬ್ಬಿಯೊಳಗೆ ಉಳಿಯಿತು.

ಆ ಮಗನ ಮಗಳಿಗೆ ಈಗ ಎಂಟು ವರ್ಷ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಆದರೆ ಕತ್ತಲೆಂದರೆ ಜೀವ ಹಾರುವದು. ಹಿತ್ತಲ ಬಾಗಿಲಿಗೆ ಒಬ್ಬಳೇ ಹೋಗಲೊಲ್ಲಳು. ಆಯಿಯು ಡಬ್ಬಿಯನ್ನು ತೆಗೆದಳು. ಸೊಸೆಯು ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅವಳು ಮೆಲ್ಲಗೆ, “ಅತ್ತಿ, ಕೂದಲದಿಂದ ಅಂಜಿಕಿ ಹೋಗೂದಿಲ್ರಿ,” ಎಂದಳು. ಆಯಿಯೂ ಮೆಲ್ಲಗೇ, “ನಿನ್ನ ಗಂಡಗ ಹೋಗಿತ್ತಲ್ಲವಾ?” ಎಂದಳು. ಮಾತು ಇಷ್ಟಕ್ಕೇ ನಿಂತಿತಾದರೂ ಮನೆಯಲ್ಲಿ ನಾಲ್ಕು ದಿನ ಬಿಗುವಾಯಿತು. ಹಿರಿಯರ ಮನಸ್ಸು ನೋಯಬಾರದು, ಕಿರಿಯರ ತಿಳಿವಳಿಕೆಯೂ ಸುಳ್ಳಾಗಬಾರದು. ನಡುವೆ ಸಿಕ್ಕ ಮಗನು ಒಂದು ಉಪಾಯ ಹೂಡಿದನು. ಕೂದಲೇಕೆ, ಕರಡಿಯನ್ನೇ ಕೂಸಿಗೆ ತೋರಿಸಿದರಾಯಿತು, ದರೋಜಿಗೆ ಹೋಗೋಣ!

ಶಿವರಾತ್ರಿಯ ಹಿಂದಿನ ವಾರ, ಶನಿವಾರ ನಸುಕಿನಲ್ಲಿ ಆಯಿ, ಮಗ, ಸೊಸೆ, ಮೊಮ್ಮಗಳು, ಅವಳ ಕಾಕಾ—ಐವರು ಬುತ್ತಿ ಕಟ್ಟಿಕೊಂಡು ಹೊರಟರು. ಕಟಿರೊಟ್ಟಿ, ಶೇಂಗಾಚಟ್ನಿ, ಎಣಗಾಯಿ, ಮಾದಲಿಗಳ ಗಂಟು ಆಯಿಯ ತೊಡೆಯ ಮೇಲೆಯೇ ಇತ್ತು. ಹುಬ್ಬಳ್ಳಿಯಿಂದ ಗದಗು, ಕೊಪ್ಪಳಗಳನ್ನು ದಾಟಿ ಹೊಸಪೇಟೆಯ ಕಡೆಗೆ ಹಾದಿ. ನಡುವೆ ಕಾಕಾ, ಆಯಿಯು ವಾಹನದಲ್ಲಿಯೇ ಲಿಂಗಪೂಜೆಗೆ ಕೈ ಹಚ್ಚಿದುದನ್ನು ಕಂಡು, ಶಿವಪೂಜೆಯಲ್ಲಿ ಕರಡಿ ಬಿಡುವ ಗಾದೆಯನ್ನು ತೆಗೆದು ನಗೆಯಾಡಿದನು. ಆಯಿಯು ಕೊರಳ ಕರಡಿಗೆಯನ್ನು ಎತ್ತಿ ತೋರಿಸಿ, “ಅದು ಕರಡಿ ಅಲ್ಲೋ ಹುಚ್ಚಪ್ಪಾ, ಕರಡಿಗಿ,” ಎಂದಳು. ಲಿಂಗವನ್ನಿಡುವ ಕರಡಿಗೆಯನ್ನು ಪೂಜೆಯ ಹೊತ್ತಿಗೆ ಮರೆತು ಬಿಟ್ಟಂತೆ ಎಂಬದೇ ಗಾದೆಯ ಮೂಲರೂಪವೆಂದು ಬಲ್ಲವರು ಹೇಳುವರು. ‘ಗೆ’ಕಾರವೊಂದು ಜಾರಿ ಬಿದ್ದುದರಿಂದ ಪಾಪದ ಪ್ರಾಣಿಯು ದೇವರ ಮನೆಗೆ ನುಗ್ಗಿದ ಅಪವಾದವನ್ನು ಹೊರಬೇಕಾಯಿತು! ಕರಡಿಯ ಮೇಲೆ ಜನರು ಹೊರಿಸಿದ ತಪ್ಪುಗಳಲ್ಲಿ ಇಂಥವು ಹಲವು.

ಇಂಗ್ಲಂಡದ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಎಂಬವನೂ ೧೭೯೧ರಲ್ಲಿ ಇಂಥದೇ ತಪ್ಪನ್ನು ಮಾಡಿದನು. ಈ ಪ್ರಾಣಿಯ ಉದ್ದವಾದ ಡೊಂಕು ಉಗುರುಗಳನ್ನೂ ಮುಂಬಲ್ಲುಗಳ ಕೊರತೆಯನ್ನೂ ನೋಡಿ, ಅಮೆರಿಕದ ಮರಗಳಿಗೆ ಜೋತುಬಿದ್ದಿರುವ ಸ್ಲಾತ್ ಎಂಬ ಜಡಜೀವಿಯ ಗಣಕ್ಕೆ ಇದನ್ನು ಸೇರಿಸಿಬಿಟ್ಟನು. ತಪ್ಪು ತಿದ್ದಿತಾದರೂ ಇಂಗ್ಲಿಷಿನಲ್ಲಿ ‘ಸ್ಲಾತ್ ಬೇರ್’ ಎಂಬ ಹೆಸರು ಅಂಟಿಕೊಂಡೇ ಉಳಿಯಿತು. ನಮ್ಮ ಹಿರಿಯರು ಹೆಚ್ಚು ಸರಿಯಾಗಿ ನೋಡಿದ್ದರು. ಅಮರಕೋಶದಲ್ಲಿ ಋಕ್ಷ, ಅಚ್ಛಭಲ್ಲ, ಭಲ್ಲೂಕ ಎಂಬ ಹೆಸರುಗಳಿವೆ. ಎಲ್ಲಿಯೂ ಸೋಮಾರಿತನದ ಸೋಂಕಿಲ್ಲ.

ಹೊಸಪೇಟೆಯಿಂದ ಕಮಲಾಪುರಕ್ಕೆ ಬಂದು ಅಲ್ಲಿ ವಸತಿಯ ಏರ್ಪಾಡು ಮಾಡಿಕೊಂಡು, ಊಟದ ತರುವಾಯ ಎಲ್ಲರೂ ದರೋಜಿಯ ಕರಡಿಧಾಮಕ್ಕೆ ನಡೆದರು. ಇಲ್ಲಿಯ ನೆಲವು ನೋಡತಕ್ಕದ್ದು. ಆನೆಯಂತೆ, ಕಣಜದಂತೆ, ಮಗ್ಗುಲಾದ ಬಸವನಂತೆ ಬಂಡೆಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಅವುಗಳ ಸಂದುಗಳೇ ಗವಿಗಳು. ನಡುನಡುವೆ ಕುರುಚಲು ಮುಳ್ಳುಗಿಡ. ಮಳೆ ಕಡಿಮೆ, ಬಿಸಿಲು ಹೆಚ್ಚು. ಉಳುವವನಿಗೆ ಇದು ಬರಡು, ಕರಡಿಗೆ ತವರು. ಹಗಲಿಗೆ ತಂಪಾದ ಗವಿ, ಇರುಳಿಗೆ ಹುತ್ತದ ಗೆದ್ದಲು, ಋತುವಿಗೊಂದರಂತೆ ಬಾರಿ, ಕವಳಿ, ಕಕ್ಕೆಗಳ ಹಣ್ಣು. ಸರಕಾರವು ೧೯೯೪ರಲ್ಲಿ ಈ ಪ್ರದೇಶವನ್ನು ಕರಡಿಗಳಿಗೆಂದೇ ಕಾಯ್ದಿರಿಸಿತು. ೨೦೦೯ರಲ್ಲಿ ಇನ್ನಷ್ಟು ಅರಣ್ಯವು ಸೇರಿ ಅದರ ವಿಸ್ತಾರವು ೮೨.೭೨ ಚದರ ಕಿಲೋಮೀಟರ್ ಆಯಿತು. ೨೦೧೩ರಲ್ಲಿ ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ ಇಂಥದೇ ಮತ್ತೊಂದು ಧಾಮವಾಯಿತು.

ಕರಡಿಕಲ್ಲು ಗುಡ್ಡದ ಎದುರಿಗೆ ವೀಕ್ಷಣ ಗೋಪುರವಿದೆ. ಮಧ್ಯಾಹ್ನದ ಹೊತ್ತಿಗೆ ಇಲಾಖೆಯ ಕೆಲಸಗಾರರು ದೂರದ ಬಂಡೆಗಳಿಗೆ ಬೆಲ್ಲದ ಪಾಕವನ್ನು ಸವರಿ ಹಿಂದಿರುಗುವರು. ನೋಡುವವರು ಗೋಪುರದ ಮೇಲೆ ಬಾಯಿ ಮುಚ್ಚಿ ಕೂಡ್ರಬೇಕು. ಮೊದಲು ನವಿಲುಗಳು ಬಂದವು. ಮುಂಗುಲಿಯೊಂದು ಬಂದು ಕಲ್ಲು ನೆಕ್ಕಿ ಓಡಿತು. ಮೊಮ್ಮಗಳು ಆಯಿಯ ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು ಕುಳಿತಿದ್ದಳು. ಬಿಸಿಲು ಇಳಿಮುಖವಾದಾಗ ಗುಡ್ಡದ ನೆತ್ತಿಯ ಮೇಲಿನ ಕರಿ ಬಂಡೆಯೊಂದು ಅಲುಗಾಡಿತು.

ಅದು ಬಂಡೆಯಲ್ಲ, ಕರಡಿ. ತಲೆಯನ್ನು ತಗ್ಗಿಸಿ, ಹಿಂದಿನ ಹೆಜ್ಜೆಗಳನ್ನು ಎಳೆದಿಡುತ್ತ, ಯಾರ ಸಾಲವೂ ಇಲ್ಲದ ಒಕ್ಕಲಿಗನು ಹೊಲಕ್ಕೆ ಬರುವಂತೆ ಸಾವಕಾಶವಾಗಿ ಇಳಿದುಬಂತು. ಕೊರಳ ಸುತ್ತಲೂ ಕೆದರಿದ ಕೇಸರ. ಎದೆಯ ಮೇಲೆ ಬಿಳಿಯ ಕಮಾನು. ಬೂದುಬಣ್ಣದ ಉದ್ದ ಮೂತಿ. ಸೊಸೆಯು ಪಿಸುಮಾತಿನಲ್ಲಿ ಮಗಳಿಗೆ ವಿವರಿಸಿದಳು: ಮೇಲ್ದವಡೆಯ ನಡುವಿನ ಎರಡು ಹಲ್ಲು ಇದಕ್ಕಿಲ್ಲ, ಆ ಸಂದಿಯೇ ಅದರ ಉಪಕರಣ. ಉಗುರಿನಿಂದ ಹುತ್ತವನ್ನು ಒಡೆದು, ಮಣ್ಣನ್ನು ಊದಿ ಹಾರಿಸಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಚಾಚಿ ಗೆದ್ದಲನ್ನು ಹೀರುವದು. ಆ ಸದ್ದು ನೂರು ಮೀಟರಿನ ಆಚೆಗೂ ಕೇಳುವದುಂಟು. ತಿಂದ ಹಣ್ಣಿನ ಬೀಜಗಳನ್ನು ಊರೂರಿಗೆ ಬಿತ್ತುವದೂ ಅದೇ. ಹೀಗೆ ಬರಡು ಗುಡ್ಡಕ್ಕೆ ಅದು ಬಾಡಿಗೆಯವನಲ್ಲ, ಒಕ್ಕಲಿಗ.

ಒಂದರ ಹಿಂದೆ ಒಂದರಂತೆ ಮೂರು ಕರಡಿಗಳು ಬಂದವು. ದೊಡ್ಡದೊಂದು ಬಂದಾಗ ಉಳಿದೆರಡು ಗೊಣಗಿಕೊಂಡು ಬೇರೆ ಬಂಡೆಗೆ ಸರಿದವು. ಬಹಳ ಹೊತ್ತು ಸುಮ್ಮನಿದ್ದ ಮೊಮ್ಮಗಳು ಆಯಿಯ ಕಿವಿಗೆ ಬಾಯಿಟ್ಟು ಕೇಳಿದಳು:

“ಆಯಿ, ಇದಕ್ಕ ಮೂಗದಾಣ ಎಲ್ಲೈತಿ?”

ಆಯಿಯ ಕಥೆಗಳಲ್ಲಿ ಬಂದ ಕರಡಿಗೆಲ್ಲ ಹಗ್ಗವಿತ್ತು. ಹಗ್ಗವು ಕರಡಿಯ ಅಂಗವೇ ಎಂದು ಕೂಸು ತಿಳಿದಿದ್ದಿತು. ಆಯಿಯು ಬಾಯಿ ತೆರೆದಳು; ಉತ್ತರವು ಬರಲಿಲ್ಲ. ಎತ್ತಿಗೆ ಮೂಗು ಚುಚ್ಚುವದನ್ನು ಅವಳು ಕಂಡಿದ್ದಳು. ಕರಡಿಗೂ ಯಾರೋ ಎಂದೋ ಚುಚ್ಚಿರಬೇಕೆಂಬ ವಿಚಾರವು ಎಪ್ಪತ್ತು ವರ್ಷಗಳಲ್ಲಿ ಅವಳ ಮನಸ್ಸಿಗೆ ಬಂದಿರಲಿಲ್ಲ.

ಅದರ ವೃತ್ತಾಂತವು ಸೊಸೆಗೆ ಗೊತ್ತಿತ್ತು. ಆ ಹೊತ್ತು ಹೇಳಲಿಲ್ಲ. ಗವಿಯಿಂದ ಮರಿಗಳನ್ನು ಕದಿಯುವಾಗ ತಾಯಿಯನ್ನು ಕೊಲ್ಲುವದುಂಟು. ಮರಿಯ ಮೂತಿಯನ್ನು ಕಾದ ಸೂಜಿಯಿಂದ ತೂತುಮಾಡಿ ಹಗ್ಗ ಪೋಣಿಸುವರು, ಕೋರೆಹಲ್ಲುಗಳನ್ನು ಮುರಿಯುವರು. ಹಗ್ಗ ಜಗ್ಗಿದ ನೋವಿಗೆ ಅದು ಎದ್ದು ನಿಂತುದನ್ನೇ ಜನರು ಕುಣಿತವೆಂದು ನೋಡಿ ನಕ್ಕರು. ೧೯೭೨ರ ವನ್ಯಜೀವಿ ಕಾಯಿದೆಯು ಕರಡಿಯನ್ನು ಹಿಡಿಯುವದನ್ನು ನಿಷೇಧಿಸಿತು; ೧೯೯೮ರಲ್ಲಿ ಅದನ್ನು ಪ್ರದರ್ಶನಕ್ಕೆ ಪಳಗಿಸುವದೂ ನಿಂತಿತು. ಆದರೂ ಹೊಟ್ಟೆಯ ಪ್ರಶ್ನೆಯು ಕಾಯಿದೆಯಿಂದ ಬಗೆಹರಿಯುವದಿಲ್ಲ. ಖಲಂದರರು ತಲೆತಲಾಂತರದಿಂದ ಇದೊಂದೇ ವೃತ್ತಿಯನ್ನು ಬಲ್ಲವರು. ಅವರನ್ನು ಕ್ರೂರಿಗಳೆಂದು ಹಳಿದು ಕೈ ತೊಳೆದುಕೊಳ್ಳುವದು ಸುಲಭ. ಮೊರದಲ್ಲಿ ಜೋಳ ತಂದು ಹಾಕಿದವರ ಪಾಲೂ ಅದರಲ್ಲಿತ್ತು. ಕಡೆಗೆ ಆ ಕುಟುಂಬಗಳಿಗೆ ಬೇರೆ ಉದ್ಯೋಗದ ಅನುಕೂಲವನ್ನೂ ಮಕ್ಕಳಿಗೆ ಶಾಲೆಯ ಅನುಕೂಲವನ್ನೂ ಮಾಡಿಕೊಟ್ಟು ಕರಡಿಗಳನ್ನು ಬಿಡಿಸಿಕೊಳ್ಳುವ ಕಾರ್ಯವು ನಡೆಯಿತು. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆಯು ಈ ಕೆಲಸದಲ್ಲಿ ಮುಂದಾಯಿತು. ಬಿಡುಗಡೆಯಾದ ಕರಡಿಗಳಿಗಾಗಿ ೨೦೦೫ರಲ್ಲಿ ಬನ್ನೇರುಘಟ್ಟದಲ್ಲಿ ಆಶ್ರಯವಾಯಿತು. ೨೦೦೯ರಲ್ಲಿ ದೇಶದ ಕೊನೆಯ ಕುಣಿಯುವ ಕರಡಿಯೂ ಅಲ್ಲಿಗೇ ಬಂತು. ಮೂಗು ಹರಿದ, ಹಲ್ಲಿಲ್ಲದ ಆ ಪ್ರಾಣಿಗಳು ಕಾಡಿಗೆ ಮರಳಲಾರವು. ಹಗ್ಗವನ್ನು ಬಿಚ್ಚಬಹುದು, ಕಾಡನ್ನು ಮತ್ತೆ ಕಲಿಸಲಾಗುವದಿಲ್ಲ.

ಹೊತ್ತು ಮುಳುಗುವ ಮುಂಚೆ ಧಾಮವನ್ನು ಬಿಡಬೇಕು. ಒಬ್ಬ ಕಾವಲುಗಾರನು ಹೊರಬಾಗಿಲಿನವರೆಗೆ ಇವರ ವಾಹನದಲ್ಲಿಯೇ ಬಂದನು. ದಾರಿಯ ತಿರುವಿನಲ್ಲಿ ಅವನು ಒಮ್ಮಿಂದೊಮ್ಮೆಲೆ ಕೈಯೆತ್ತಿ ನಿಲ್ಲಿಸೆಂದನು. ಮೂವತ್ತು ಮಾರು ಮುಂದೆ ಹಾದಿಯ ನಟ್ಟನಡುವೆ ಹೆಣ್ಣು ಕರಡಿಯೊಂದು ನಿಂತಿತ್ತು. ಬೆನ್ನಿನ ಮೇಲೆ ಉಣ್ಣೆಯ ಉಂಡೆಗಳಂತಹ ಎರಡು ಮರಿಗಳು. ಚಳಿಗಾಲದಲ್ಲಿ ಗವಿಯೊಳಗೆ ಹುಟ್ಟಿದ ಮರಿಗಳು ಎರಡು ಮೂರು ತಿಂಗಳ ಮೇಲೆ ಹೀಗೆ ತಾಯಿಯ ಬೆನ್ನೇರಿಯೇ ಲೋಕವನ್ನು ನೋಡಲು ಹೊರಡುವವು. ಬೇರಾವ ಕರಡಿಯ ಜಾತಿಯಲ್ಲಿಯೂ ಈ ಪದ್ಧತಿಯು ಇಷ್ಟು ನಿತ್ಯದ್ದಲ್ಲ.

ಮಗನ ಕೈ ತಾನಾಗಿಯೇ ಬಾಗಿಲ ಹಿಡಿಕೆಗೆ ಹೋಯಿತು. ಇನ್ನೊಂದು ಕೈಯಲ್ಲಿ ಮೊಬೈಲು. “ಒಂದ ಫೋಟೋ ಅಷ್ಟ,” ಎಂದನು.

“ಇಳೀಬ್ಯಾಡ್ರಿ ಸಾಹೇಬ್ರ,” ಎಂದನು ಕಾವಲುಗಾರ. “ಹಾದಿ ಅದರದು. ಅದು ಹೋದ ಮ್ಯಾಲ ನಾವು ಹೋಗೂಣು.”

ಬಾಗಿಲು ಅದಾಗಲೇ ‘ಟಕ್’ ಎಂದಿತ್ತು. ಆ ಸದ್ದಿಗೆ ತಾಯಿಯು ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಮರಿಗಳು ಜಾರಿ ನೆಲಕ್ಕೆ ಬಿದ್ದು ಅದರ ಕಾಲುಗಳ ಹಿಂದೆ ಅಡಗಿದವು. ಅದು ಮೂತಿಯೆತ್ತಿ ಗಾಳಿಯನ್ನು ಮೂಸಿತು. ಓಣಿಯಲ್ಲಿ ಸಲಾಮು ಮಾಡಿದ ಭಂಗಿಯೇ ಇದು. ಆದರೆ ಇಲ್ಲಿ ಅದು ಯಾರಿಗೂ ಸಲಾಮು ಮಾಡುತ್ತಿರಲಿಲ್ಲ. ವಾಹನದೊಳಗೆ ಉಸಿರಿನ ಸದ್ದೂ ಇರಲಿಲ್ಲ. ಆಗ ಆಯಿಯು ಹಿಂದಿನಿಂದ ಕೈಚಾಚಿ ಮಗನ ಭುಜವನ್ನು ಹಿಡಿದಳು. ನಲವತ್ತೈದು ದಾಟಿದ ಮಗನಿಗೆ ಮೂರು ವರ್ಷದವನಿಗೆ ಹೇಳುವಂತೆ ಹೇಳಿದಳು:

“ಕೂಡು ತಮ್ಮಾ. ಬಾಣಂತಿ ಹೊಂಟಾಳ, ಹಾದಿ ಬಿಡು.”

ಅವನು ಕೈಯನ್ನು ಹಿಂದೆಗೆದುಕೊಂಡನು. ಎಷ್ಟು ಹೊತ್ತು ಹಾಗಿದ್ದರೆಂಬದು ಯಾರಿಗೂ ನೆನಪಿಲ್ಲ. ಕಡೆಗೆ ತಾಯಿಯು ನಾಲ್ಕು ಕಾಲಿಗೆ ಇಳಿಯಿತು. ಮರಿಗಳು ತೊಡೆಯ ಕೂದಲನ್ನು ಹಿಡಿದು ಒಂದರ ಹಿಂದೊಂದು ಬೆನ್ನೇರಿದವು. ಮೂರೂ ಕೂಡಿ ಬಂಡೆಗಳ ಸಂದಿಯಲ್ಲಿ ಕರಗಿಹೋದವು.

ಕಾವಲುಗಾರನು ಬಾಗಿಲು ತಲುಪುವವರೆಗೆ ಕರಡಿಯ ಸ್ವಭಾವವನ್ನು ಹೇಳುತ್ತ ಬಂದನು. ಅದಕ್ಕೆ ಕಣ್ಣು ಮಂದ, ಮೂಗು ತೀಕ್ಷ್ಣ. ಗೆದ್ದಲು ಹೀರುವ ತನ್ಮಯತೆಯಲ್ಲಿ ಮನುಷ್ಯನು ಬಂದುದು ತಿಳಿಯುವದಿಲ್ಲ. ಹತ್ತಿರವಾದ ಮೇಲೆ ತಿಳಿದರೆ ಗಾಬರಿಯಿಂದ ಮೇಲೆ ಬೀಳುವದು. ಹುಲಿ ಚಿರತೆಗಳ ನಡುವೆ ಬಾಳಿದ ವಂಶ. ಮರಿಯಿದ್ದಾಗ ಓಡುವದಕ್ಕಿಂತ ಎದುರಿಸುವದನ್ನೇ ಅದು ಕಲಿತಿದೆ. ಆದುದರಿಂದ ನಸುಕಿನಲ್ಲಿ, ಮುಚ್ಚಂಜೆಯಲ್ಲಿ ಗುಡ್ಡದ ಹಾದಿಯಲ್ಲಿ ಒಬ್ಬರೇ ನಡೆಯಬಾರದು. ನಡೆಯಬೇಕಾದರೆ ಗಟ್ಟಿಯಾಗಿ ಮಾತಾಡುತ್ತ, ದೀಪ ಹಿಡಿದು ನಡೆಯಬೇಕು. ‘ನಾನು ಬರುತ್ತಿದ್ದೇನೆ’ ಎಂದು ದೂರದಿಂದಲೇ ತಿಳಿಸಿದರೆ ಕರಡಿಯು ಬಹುಮಟ್ಟಿಗೆ ತಾನೇ ಸರಿದುಹೋಗುವದು. ಪರರ ಮನೆಗೆ ಹೋಗುವಾಗ ಹೊಸ್ತಿಲಲ್ಲಿ ಕೆಮ್ಮುವ ನಮ್ಮ ಹಳೆಯ ಮರ್ಯಾದೆಗಿಂತ ಇದು ಬೇರೆಯಲ್ಲ.

ಚೌತಿಯ ದಿನ ಮನೆಮನೆಗಳಲ್ಲಿ ಕೇಳುವ ಸ್ಯಮಂತಕೋಪಾಖ್ಯಾನದಲ್ಲಿ ಈ ಸಂಗತಿಯೇ ಅಡಗಿದೆಯೆಂಬದನ್ನು ಹೆಚ್ಚಿನವರು ಗಮನಿಸುವದಿಲ್ಲ. ಜಾಂಬವಂತನು ಸಿಂಹವನ್ನು ಕೊಂದು ತಂದ ಮಣಿಯನ್ನು ಕಿರೀಟಕ್ಕೆ ಸೇರಿಸಲಿಲ್ಲ. ಗವಿಯಲ್ಲಿ ತನ್ನ ಕೂಸಿನ ಆಟಕ್ಕೆ ಕೊಟ್ಟನು. ಶ್ರೀಕೃಷ್ಣನು ಒಳಹೊಕ್ಕಾಗ ಅಪರಿಚಿತನನ್ನು ಕಂಡ ದಾದಿಯು ಹೆದರಿ ಕೂಗಿದಳು. ಆ ಕೂಗಿಗೆ ಜಾಂಬವಂತನು ಕೆರಳಿ ಬಂದನು. ಭಾಗವತದಲ್ಲಿ ಇಪ್ಪತ್ತೆಂಟು ದಿನಗಳ ಕಾಳಗವು ಮೊದಲಾದದ್ದು ಹೀಗೆ. ಬಂದವನು ದೇವರೆಂಬದು ತಿಳಿದ ಮೇಲೆ ಅವನೇ ಮಣಿಯನ್ನೂ ಮಗಳನ್ನೂ ಒಪ್ಪಿಸಿದನು. ಮಣಿಗಾಗಿ ಕಾದಿದವನು ಹೀಗೆ ಕೊಡಲಾರ. ಅವನು ಕಾದಿದುದು ಕೂಸು ಇರುವ ಗವಿಗಾಗಿ. ರಾಮಾಯಣದಲ್ಲಿ ಆಂಜನೇಯನಿಗೆ ಅವನ ಬಲವನ್ನು ನೆನಪಿಸಿಕೊಟ್ಟ ಹಿರಿಯನೂ ಈತನೇ. ಕಿಷ್ಕಿಂಧೆಯೆಂದು ಜನರು ತೋರಿಸುವ ಹಂಪೆಯ ಬಂಡೆಗಳ ನೆರೆಯಲ್ಲಿಯೇ ಇಂದಿಗೂ ಅವನ ಕುಲದವರು ಇರುವದು ಆಕಸ್ಮಿಕವಾದರೂ ಸೊಗಸಾದ ಆಕಸ್ಮಿಕ.

ಆ ರಾತ್ರಿ ಕಮಲಾಪುರದಲ್ಲಿ ಊಟವಾದ ಮೇಲೆ ಎಲ್ಲರೂ ಅಂಗಳದಲ್ಲಿ ಕುಳಿತರು. ಕೃಷ್ಣಪಕ್ಷ, ಚಂದ್ರೋದಯಕ್ಕೆ ಇನ್ನೂ ಹೊತ್ತಿತ್ತು. ಈಶಾನ್ಯದಲ್ಲಿ ಸಪ್ತರ್ಷಿಗಳು ಮೇಲೇರುತ್ತಿದ್ದರು. ಪಾಶ್ಚಾತ್ಯರು ಅದನ್ನು ದೊಡ್ಡ ಕರಡಿಯೆನ್ನುವರೆಂದು ಸೊಸೆಯು ಮಗಳಿಗೆ ತೋರಿಸಿದಳು. ನಮ್ಮವರಿಗೂ ಅದು ಹೊರತಲ್ಲ. ಸಪ್ತರ್ಷಿಗಳನ್ನು ಹಿಂದೆ ಋಕ್ಷಗಳೆಂದು ಕರೆಯುತ್ತಿದ್ದರೆಂದು ಶತಪಥ ಬ್ರಾಹ್ಮಣವು ಹೇಳುತ್ತದೆ. ಋಕ್ಷವೆಂದರೆ ನಕ್ಷತ್ರವೂ ಹೌದು, ಕರಡಿಯೂ ಹೌದು. ಕತ್ತಲಿಗೆ ಅಂಜುವ ಕೂಸು ಕತ್ತಲಲ್ಲಿಯೇ ಕತ್ತೆತ್ತಿ ಕುಳಿತು ಅದರ ಬಾಲವೆಲ್ಲಿ, ಮರಿಗಳೆಲ್ಲಿ ಎಂದು ಕೇಳುತ್ತಿದ್ದಿತು.

ಅವಳು ಮಲಗಿದ ಮೇಲೆ ಸೊಸೆಯು ಆಯಿಗೆ ಹಗ್ಗದ ವೃತ್ತಾಂತವನ್ನು ಹೇಳಿದಳು. ಕೇಳಿ ಮುಗಿದ ಮೇಲೆ ಆಯಿಯು ಬಹಳ ಹೊತ್ತು ಸುಮ್ಮನಿದ್ದು, “ಕೂದಲ ಕೀಳೂ ಮುಂದ ಅದು ಮಿಸುಕಲಿಲ್ಲ. ಸಾಧು ಪ್ರಾಣಿ ಅಂತ ತಿಳಿದಿದ್ದೆ,” ಎಂದಳು. ಸೊಸೆಯು, “ನಿಮಗ ಹ್ಯಾಂಗ ಗೊತ್ತಾಗಬೇಕ್ರಿ, ಅತ್ತಿ?” ಎಂದಳು. ಗೆದ್ದವರೂ ಸೋತವರೂ ಇಲ್ಲದೆ ಮನೆಯ ಬಿಗುವು ಅಲ್ಲಿಗೆ ಸಡಿಲವಾಯಿತು.

ರವಿವಾರ ಹಂಪೆಯಲ್ಲಿ ವಿರೂಪಾಕ್ಷನ ದರ್ಶನ ಮಾಡಿ, ಹೊಳೆಯ ದಂಡೆಯಲ್ಲಿ ಉಳಿದ ಬುತ್ತಿಯನ್ನು ಉಂಡು ಎಲ್ಲರೂ ಊರಿಗೆ ತಿರುಗಿದರು. ಆಯಿಯು ತಾಯತವನ್ನು ಮೊಮ್ಮಗಳಿಗೆ ಕಟ್ಟಲಿಲ್ಲ; ಬಿಸಾಡಲೂ ಇಲ್ಲ. ಒಂದು ಜೀವಿಯ ಮೈಯಿಂದ ಬಂದುದನ್ನು ಕಸದಲ್ಲಿ ಹಾಕುವದು ಅವಳ ಮನಸ್ಸಿಗೆ ಒಗ್ಗಲಿಲ್ಲ. ಮೊಮ್ಮಗಳಿಗೆ ಅಂಜಿಕೆಯು ಪೂರ್ಣವಾಗಿ ಬಿಟ್ಟಿತೆಂದೇನೂ ಅಲ್ಲ. ಅವಳು ಈಗಲೂ ಹಿತ್ತಲ ಬಾಗಿಲಲ್ಲಿ ನಿಲ್ಲುವಳು. ಆದರೆ ಕಿರುಚಿ ಓಡಿಬರುವ ಬದಲು ನಿಂತು ನೋಡುವಳು, ನೋಡಿ ಒಮ್ಮೆ ಕೆಮ್ಮುವಳು, ಆಮೇಲೆ ಮುಂದೆ ನಡೆಯುವಳು.

ಹಾಗಾದರೆ ಕರಡಿಯ ವಿಷಯದಲ್ಲಿ ಮನುಷ್ಯನ ಧರ್ಮವೇನು? ಬಂಡೆಗೆ ಬೆಲ್ಲ ಸವರುವದನ್ನು ಕೂಡ ದಯೆಯೆಂದು ಬೀಗಬೇಕಾಗಿಲ್ಲ. ಅದು ನಮ್ಮ ಕಣ್ಣಿನ ಹಸಿವಿಗೆ ಕೊಟ್ಟ ಬೆಲೆ. ಕರಡಿಗೆ ಬೇಕಾದುದು ಬೆಲ್ಲವಲ್ಲ, ಗುಡ್ಡ. ಬಂಡೆಗಳನ್ನು ಒಡೆದು ಸಾಗಿಸಿ, ಕುರುಚಲನ್ನು ಕಡಿದು ಹೊಲಮಾಡಿದರೆ ಅದು ಸೇಂಗಾ, ಮೆಕ್ಕೆಜೋಳಗಳ ಹೊಲಕ್ಕೆ ಬರುವದು; ಗುಡಿಯ ದೀಪದ ಎಣ್ಣೆಗೂ ಬಾಯಿ ಹಾಕುವದು. ಆ ಕಡೆಯ ಹಳ್ಳಿಗಳಿಂದ ಅಂಥ ಸುದ್ದಿಗಳು ಆಗಾಗ ಬರುತ್ತಲೇ ಇವೆ. ಗುಡ್ಡದಂಚಿನ ರೈತನಿಗೆ ಇದು ವಿನೋದದ ಸುದ್ದಿಯಲ್ಲ. ಇರುಳು ನೀರು ಹಾಯಿಸಲು ಹೋದವನು ಮೈಮುಖ ಹರಿಸಿಕೊಂಡು ಬರುವ ಮಾತು. ಅವನ ಭಯವನ್ನು ಗೋಪುರದ ಮೇಲೆ ಕುಳಿತವರು ಹಗುರಾಗಿ ನೋಡಬಾರದು. ಗುಡ್ಡ ಉಳಿದರೆ ಕರಡಿಯೂ ಉಳಿಯುವದು, ರೈತನೂ ಉಳಿಯುವನು.

ನಮ್ಮ ನುಡಿಯಲ್ಲಿ ಭಯಭಕ್ತಿಯೆಂಬ ಜೋಡುಮಾತೊಂದಿದೆ. ಭಕ್ತಿಯಿಲ್ಲದ ಭಯವು ಬಡಿಗೆಯನ್ನು ಎತ್ತಿಸುವದು. ಭಯವಿಲ್ಲದ ಭಕ್ತಿಯು ಹತ್ತಿರ ಹೋಗಿ ಮೈದಡವಲು ನೋಡುವದು. ಎರಡರಿಂದಲೂ ಕರಡಿಗೆ ಕೇಡು, ಮನುಷ್ಯನಿಗೂ ಕೇಡು. ಎರಡೂ ಕೂಡಿದಾಗ ಮಾತ್ರ ಮನುಷ್ಯನು ಎಷ್ಟು ದೂರ ನಿಲ್ಲಬೇಕೋ ಅಷ್ಟು ದೂರ ನಿಲ್ಲುವನು. ಮೂಗುದಾರವಿಲ್ಲದ ಕರಡಿಯನ್ನು ಕಣ್ಣಾರೆ ನೋಡುವ ಯೋಗವು ಅಷ್ಟು ದೂರದಲ್ಲಿ ನಿಂತವರಿಗೆ ಮಾತ್ರ.